ಯಾರೂ ಊಟಕ್ಕೆ ಕರೆಯದ ಊರುಗಳು

ನನ್ನ ಅತ್ತೆ ಅರ್ನೆಸ್ಟೀನ್ ಹೂಂ ಅನ್ನದೆ ನಮ್ಮ ಮನೆಯಲ್ಲಿ ಒಂದು ಸೋಫಾ ಕೂಡ ಈ ಮೂಲೆಯಿಂದ ಆ ಮೂಲೆಗೆ ಹೋಗುವುದಿಲ್ಲ. ಅಂಥದ್ದರಲ್ಲಿ ನಾನು ಶಿಕಾಗೋ ಬಿಟ್ಟು ದಕ್ಷಿಣಕ್ಕೆ ಹೋಗೋಣ ಎಂಬ ಮಾತೆತ್ತಿದ್ದೆ. ನನ್ನ ಹೆಂಡತಿ ರೆನೀಟಾ ಮೊದಲ ದಿನವೇ ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟಳು. "ಅಮ್ಮ ಬಂದ್ರೆ ನಾನೂ ಬರ್ತೀನಿ. ಅಮ್ಮ ಬರಲ್ಲ ಅಂದ್ರೆ ನೀನೊಬ್ನೇ ಹೋಗು, ಕ್ರಿಸ್‌ಮಸ್‌ಗೆ ಒಂದು ಫೋನ್ ಮಾಡು." ನಗುತ್ತಲೇ ಹೇಳಿದಳು, ಆದರೆ ಅದು ತಮಾಷೆಯ ಮಾತಾಗಿರಲಿಲ್ಲ.

ನಾನು ಸಿಟಿ ಬಸ್ಸಿನ ಡ್ರೈವರ್. ಹುಟ್ಟಿದ್ದು, ಬೆಳೆದದ್ದು, ಮದುವೆಯಾದದ್ದು ಎಲ್ಲ ಶಿಕಾಗೋದ ಸೌತ್ ಸೈಡಿನಲ್ಲೇ. ಅಲ್ಲಿ ಹಿಮ ಬಿದ್ದ ಮೇಲೆ ಮನೆ ಮುಂದೆ ಗಾಡಿ ನಿಲ್ಲಿಸಲು ಬೆನ್ನು ಮುರಿಯುವ ಹಾಗೆ ಗುದ್ದಲಿ ಹಿಡಿದು ಜಾಗ ಮಾಡಿಕೊಳ್ಳಬೇಕು. ಕೆಲಸಕ್ಕೆ ಹೋಗುವಾಗ ಆ ಜಾಗದಲ್ಲಿ ಅಡುಗೆಮನೆಯ ಒಂದು ಹಳೇ ಕುರ್ಚಿ ಇಟ್ಟು ಹೋದರೆ ಅದು ನಿಮ್ಮದೇ ಎಂದು ಬೀದಿಯೆಲ್ಲ ಒಪ್ಪುತ್ತದೆ. ಕಳೆದ ಫೆಬ್ರುವರಿಯಲ್ಲಿ ನಾನು ಡ್ಯೂಟಿ ಮುಗಿಸಿ ಬಂದಾಗ ನನ್ನ ಕುರ್ಚಿ ಚರಂಡಿಯ ಪಕ್ಕ ಕಾಲು ಮುರಿದುಕೊಂಡು ಬಿದ್ದಿತ್ತು. ನನ್ನ ಜಾಗದಲ್ಲಿ ಇನ್ಯಾರದೋ ಗಾಡಿ. ಮೊದಲಾಗಿದ್ದರೆ ಅವನ ಬಾಗಿಲು ಬಡಿದು ಹುಟ್ಟಿದ ದಿನ ನೆನಪು ಮಾಡಿಸುತ್ತಿದ್ದೆ. ಆದರೆ ಹಿಂದಿನ ವಾರ ನಮ್ಮ ಬೀದಿಯ ತಿರುವಿನಲ್ಲಿ ಇಂಥದ್ದೇ ಚಿಲ್ಲರೆ ಜಗಳಕ್ಕೆ ಒಬ್ಬನ ಹೆಣ ಬಿದ್ದಿತ್ತು. ಸುಮ್ಮನೆ ಕುರ್ಚಿ ಎತ್ತಿಕೊಂಡು ಮನೆಗೆ ಬಂದೆ, ಇನ್ನು ಸಾಕು ಎಂದುಕೊಂಡೆ.

ನನ್ನ ಅಪ್ಪ ಆರ್ಕನ್ಸಾದಿಂದ ಬಂದವನು. ಅಲ್ಲಿ ಅವರ ಮನೆ ಮುಂದೆ ಒಂದು ಅಂಜೂರದ ಮರ ಇತ್ತಂತೆ. ಜಗುಲಿಯಲ್ಲಿ ಕೂತು ಕೈ ಚಾಚಿದರೆ ಹಣ್ಣು. ಸಾಯುವವರೆಗೂ ಅದನ್ನೇ ಹೇಳುತ್ತಿದ್ದ. ನಾನು ಆ ಮರ ನೋಡಿದವನಲ್ಲ, ಆ ಹಣ್ಣು ತಿಂದವನೂ ಅಲ್ಲ. ಆದರೂ ಜನವರಿಯ ಬೆಳಿಗ್ಗೆ ಬಸ್ಸಿನ ಗಾಜಿನ ಮೇಲಿನ ಹಿಮ ಕೆರೆಯುವಾಗ ನನಗೆ ಅದೇ ಬೇಕೆನಿಸುತ್ತಿತ್ತು. ಕಾಣದ್ದಕ್ಕೆ ಮನುಷ್ಯ ಹೀಗೆ ಹಂಬಲಿಸಬಹುದೇ ಎಂದು ನನಗೇ ಆಶ್ಚರ್ಯ.

ಅತ್ತೆಯ ಕಥೆ ಬೇರೆ. ಆಕೆ ಕಂಡವಳು. ಅಲಬಾಮಾದ ಎರೆಮಣ್ಣಿನ ಸೀಮೆಯ ಒಂದು ಹಳ್ಳಿಯಲ್ಲಿ ಹುಟ್ಟಿ, ಹನ್ನೆರಡರ ವಯಸ್ಸಿನಲ್ಲಿ ಅಪ್ಪ ಅಮ್ಮನ ಜೊತೆ ರೈಲು ಹತ್ತಿ ಬಂದವಳು. ಈಗ ಆ ಹಳ್ಳಿಯೂ ಇಲ್ಲ, ಮರದ ಕಂಪನಿಯವರು ಪೈನ್ ನೆಟ್ಟಿದ್ದಾರೆ. ಮನೆಯ ಕೆಳಗಿನ ಅಂತಸ್ತಿನಲ್ಲಿ ಆಕೆ, ಮೇಲೆ ನಾವು. ಚರ್ಚಿನಲ್ಲಿ ಮೊದಲ ಸಾಲು ಆಕೆಯದು. ಹಿರಿಯ ಹೆಂಗಸರಿಗೆ ಕೊಡುವ ಗೌರವದಲ್ಲಿ ಎಲ್ಲರೂ ಮದರ್ ಟಾಲಿವರ್ ಎನ್ನುತ್ತಾರೆ. ಬಿಳಿ ಉಡುಪು, ಬಿಳಿ ಟೋಪಿ, ಬಿಳಿ ಗ್ಲೌಸು. ನನ್ನನ್ನು ಮಾತ್ರ ಮನೆಯಲ್ಲಿ ಡ್ರೈವರ್ ಸಾಹೇಬ್ರು ಎಂದು ಕರೆಯುತ್ತಾಳೆ. ಹೆಸರು ಹಿಡಿದು ಸೆಡ್ರಿಕ್ ಎಂದಳೆಂದರೆ ಏನೋ ಗಂಭೀರ ವಿಷಯ ಇದೆ ಎಂದೇ ಅರ್ಥ.

ವಿಷಯ ಹೇಳಿದಾಗ ಆಕೆ ಬೈಯಲಿಲ್ಲ, ಅಳಲಿಲ್ಲ. ಬೀನ್ಸ್ ಬಿಡಿಸುತ್ತಿದ್ದ ಕೈ ಮಾತ್ರ ನಿಂತಿತು.

"ಊರು ತೋರಿಸಿ," ಎಂದಳು. "ಭಾನುವಾರವೇ ತೋರಿಸ್ಬೇಕು. ಅಲ್ಲಿನ ಚರ್ಚಿಗೆ ಕರ್ಕೊಂಡು ಹೋಗಿ. ಆಮೇಲೆ ನಾನು ಹೇಳ್ತೀನಿ."

"ಮನೆ ನೋಡೋದು ಬೇಡ್ವಾ ಅಮ್ಮ? ಸ್ಕೂಲು, ಆಸ್ಪತ್ರೆ?"

"ಅವೆಲ್ಲ ನೀವು ನೋಡ್ಕೊಳಿ. ಇಟ್ಟಿಗೆ ಎಲ್ಲಾ ಕಡೇನೂ ಇಟ್ಟಿಗೆನೇ."

ಹಾಗೆ ಶುರುವಾಯಿತು ನಮ್ಮ ತಿರುಗಾಟ. ಮೊದಲು ಅಟ್ಲಾಂಟಾ. ನನಗಂತೂ ಅದೇ ಊರು ಎಂದು ಮನಸ್ಸಿನಲ್ಲಿ ಆಗಲೇ ತೀರ್ಮಾನವಾಗಿತ್ತು. ಶನಿವಾರವೇ ಹೋಗಿ ಒಂದು ಮನೆ ನೋಡಿ ಬಂದಿದ್ದೆ. ಅಗಲವಾದ ಜಗುಲಿ, ಹಿಂದೆ ಅಂಗಳ, ನನ್ನ ಬಸ್ಸು ತಿರುಗಿಸುವಷ್ಟು ಜಾಗ. ಹದಿನಾಲ್ಕರ ಮಗಳು ಸಿಯರಾ ಕೂಡ, ಶಿಕಾಗೋ ಬಿಡುವ ಮಾತೆಂದರೆ ಮುಖ ಊದಿಸಿಕೊಳ್ಳುವವಳು, ಅಟ್ಲಾಂಟಾ ಆದರೆ ಪರವಾಗಿಲ್ಲ ಎಂದಿದ್ದಳು. ಏಳರ ಕಿರಿಮಗಳು ನಿಯಾಗೆ ಈಜುಕೊಳ ಇದ್ದರೆ ನರಕವಾದರೂ ಸರಿ.

ಭಾನುವಾರ ಬೆಳಿಗ್ಗೆ ಅತ್ತೆ ಹೋಟೆಲಿನ ತಿಂಡಿ ಮುಟ್ಟಲಿಲ್ಲ. ನಾವು ತಿನ್ನಲೂ ಬಿಡಲಿಲ್ಲ. "ಚರ್ಚಿಗೆ ಹೊಟ್ಟೆ ತುಂಬಿಸ್ಕೊಂಡು ಹೋಗೋದು ಯಾವ ಸೀಮೆ ಪದ್ಧತಿ?" ಎಂದಳು. ಮಕ್ಕಳಿಗೆ ಒಂದೊಂದು ಬಾಳೆಹಣ್ಣಿಗೆ ಮಾತ್ರ ಅನುಮತಿ ಸಿಕ್ಕಿತು. ಮಧ್ಯಾಹ್ನಕ್ಕೆ ಎಲ್ಲಾದರೂ ಟೇಬಲ್ ಹೇಳಿಡುತ್ತೇನೆ ಎಂದರೆ ಅದೂ ಬೇಡವಂತೆ.

ಆ ಚರ್ಚು ಒಂದು ಸ್ಟೇಡಿಯಮ್ಮಿನ ಹಾಗಿತ್ತು. ಗಾಡಿ ನಿಲ್ಲಿಸಲು ಬಾವುಟ ಹಿಡಿದ ಹುಡುಗರು, ಒಳಗೆ ಸಿನಿಮಾದಷ್ಟು ದೊಡ್ಡ ಪರದೆ. ಹಾಡು ಚೆನ್ನಾಗಿತ್ತು, ಸುಳ್ಳು ಹೇಳಬಾರದು. ನಮ್ಮ ಕಪ್ಪು ಜನರ ಎಲ್ಲ ಚರ್ಚುಗಳ ಹಾಗೆ ಅಲ್ಲೂ ಒಂದು ಹೊತ್ತಿಗೆ, ಹೊಸಬರು ಯಾರಾದರೂ ಇದ್ದರೆ ಎದ್ದು ನಿಲ್ಲಿ ಎಂದರು. ಅತ್ತೆ ಎದ್ದಳು. ಅಷ್ಟು ಸಾವಿರ ಜನರ ನಡುವೆ ಆಕೆಯ ಧ್ವನಿ ಒಂದಿಷ್ಟೂ ನಡುಗಲಿಲ್ಲ.

"ನಾನು ಅರ್ನೆಸ್ಟೀನ್ ಟಾಲಿವರ್. ಹುಟ್ಟಿದ್ದು ಅಲಬಾಮಾದಲ್ಲಿ, ಬಂದಿರೋದು ಶಿಕಾಗೋದಿಂದ. ನಮ್ಮ ಪಾಸ್ಟರ್ ಮತ್ತು ನಮ್ಮ ಸಭೆಯವರ ಪ್ರೀತಿ ತಂದಿದೀನಿ. ಇವರು ನನ್ನ ಮಕ್ಕಳು, ಮೊಮ್ಮಕ್ಕಳು. ನಾವು ಹೊಸಬರು."

ಚಪ್ಪಾಳೆ ಹೊಡೆದರು. ಒಬ್ಬ ಹುಡುಗಿ ಬಂದು ಕೈಗೆ ಒಂದು ಚೀಲ ಕೊಟ್ಟಳು. ಅದರಲ್ಲಿ ಒಂದು ಪೆನ್ನು, ಒಂದು ನೀರಿನ ಬಾಟಲಿ, ಚರ್ಚಿನ ಚಿತ್ರವಿರುವ ಒಂದು ಕಾಫಿ ಕಪ್ ಇದ್ದವು.

ಪ್ರಾರ್ಥನೆ ಮುಗಿದು ಹೊರಗೆ ಬಂದರೆ ಅತ್ತೆ ಗಾಡಿ ಹತ್ತಲು ತಯಾರಿಲ್ಲ. ಬಾಗಿಲ ಪಕ್ಕ ನಿಂತು ಟೋಪಿಯ ಪಿನ್ನು ತೆಗೆದಳು, ಹಾಕಿದಳು, ಮತ್ತೆ ತೆಗೆದಳು. ಗ್ಲೌಸಿನ ಒಂದೊಂದೇ ಬೆರಳನ್ನು ಎಳೆದು ಸರಿ ಮಾಡಿದಳು. ಎದುರಿಗೆ ಹೋಗುವವರಿಗೆಲ್ಲ ನಗು. ಅವರೂ ನಕ್ಕು, ದೇವರು ಒಳ್ಳೇದು ಮಾಡಲಿ ಎಂದು ಹೇಳಿ ಹೋದರು. ಬಿಸಿಲು ಏರಿತ್ತು. ನನ್ನ ಹೊಟ್ಟೆ ತಾಳ ಹಾಕುತ್ತಿತ್ತು. ನಿಯಾ ನನ್ನ ಪ್ಯಾಂಟು ಹಿಡಿದು ಜೋತು ಬಿದ್ದಿದ್ದಳು.

"ಅಜ್ಜಿ, ಯಾರಿಗೆ ಕಾಯ್ತಿದೀಯ?" ಎಂದಳು ಸಿಯರಾ.

"ಯಾರಿಗೂ ಇಲ್ಲ. ಗಾಳಿ ಚೆನ್ನಾಗಿದೆ."

ಗಾಳಿ ಎಲ್ಲಿತ್ತೋ ಆಕೆಗೇ ಗೊತ್ತು. ಎಲ್ಲರ ಗಾಡಿಗಳೂ ಹೋದವು. ಬಾವುಟದ ಹುಡುಗ ಹತ್ತಿರ ಬಂದು, "ಅಮ್ಮ, ನಿಮ್ಮ ಗಾಡಿ ಸಿಗ್ತಿಲ್ವಾ?" ಎಂದು ಕೇಳಿದ. "ಸಿಕ್ತು ಮಗಾ," ಎಂದು ಅತ್ತೆ ಹತ್ತಿ ಕೂತಳು.

"ಈ ಊರಲ್ಲ," ಎಂದಳು ಹೆದ್ದಾರಿ ಸೇರಿದ ಮೇಲೆ.

"ಯಾಕಮ್ಮ? ಏನ್ ಕಮ್ಮಿ ಆಯ್ತು?"

"ಅಲ್ಲ ಅಂದ್ನಲ್ಲ."

ಆ ಜಗುಲಿಯ ಮನೆಯನ್ನು ಬೇರೆ ಯಾರೋ ಕೊಂಡುಕೊಂಡರು. ನಾನು ಒಂದು ತಿಂಗಳು ಸಿಡಿಮಿಡಿಗುಟ್ಟುತ್ತ ಓಡಾಡಿದೆ, ರೆನೀಟಾ ನನ್ನ ಮುಖ ನೋಡಿದಾಗಲೆಲ್ಲ ಪಾತ್ರೆ ಜೋರಾಗಿ ಇಟ್ಟಳು.

ಬೇಸಿಗೆಯಲ್ಲಿ ಶಾರ್ಲಟ್‌ಗೆ ಹೋದೆವು. ಈ ಸಲ ನಾನೇ ಹುಷಾರಾಗಿ ಸಣ್ಣ ಚರ್ಚು ಹುಡುಕಿದ್ದೆ. ಬೀಸಣಿಗೆ ಆಡಿಸುವ ಮುದುಕಿಯರು, ಕಟ್ಟಿಗೆಯ ಬೆಂಚು, ಎಲ್ಲರೂ ಎಲ್ಲರ ಕೈ ಕುಲುಕುವ ಜಾಗ. ಅತ್ತೆ ಎದ್ದು ನಿಂತು ಅದೇ ಮಾತು ಹೇಳಿದಳು. ಮುಗಿದ ಮೇಲೆ ಅದೇ ಬಾಗಿಲು, ಅದೇ ಟೋಪಿಯ ಪಿನ್ನು. ಹಳದಿ ಉಡುಪಿನ ಒಬ್ಬ ಹೆಂಗಸು ಬಂದು ಎರಡೂ ಕೈ ಹಿಡಿದುಕೊಂಡು ಮಾತಾಡಿದಳು. ಅತ್ತೆಯ ಮುಖ ಅರಳಿತು. "ಮುಂದಿನ ಸಲ ಬಂದಾಗ ನಮ್ಮನೆಗೆ ಬರ್ಲೇಬೇಕು," ಎಂದಳು ಆಕೆ. ಅರಳಿದ ಮುಖ ಹಾಗೇ ಇತ್ತು, ಆದರೆ ಅದರೊಳಗಿನ ಬೆಳಕು ಆರಿದ್ದು ನನಗೆ ಕಾಣಿಸಿತು. ಮಳೆ ಬಂತು. ಬಾಗಿಲಿಗೆ ಬೀಗ ಹಾಕುವವನು ಬರುವವರೆಗೂ ನಾವು ಸೂರಿನಡಿ ನಿಂತಿದ್ದೆವು.

"ಈ ಊರೂ ಅಲ್ಲ," ಎಂದಳು.

ದಾರಿಯ ಪಕ್ಕದ ಕೋಳಿ ಅಂಗಡಿಯಲ್ಲಿ ಊಟಕ್ಕೆ ಕೂತಾಗ ನನ್ನ ತಾಳ್ಮೆಯ ಕಟ್ಟೆ ಒಡೆಯಿತು. "ಅಮ್ಮ, ಬರೋಕೆ ಇಷ್ಟ ಇಲ್ಲ ಅಂದ್ರೆ ಇಲ್ಲ ಅಂತ ಹೇಳಿಬಿಡಿ. ಇದ್ಯಾಕೆ ಮಕ್ಕಳನ್ನ ಉಪವಾಸ ಕೆಡವಿ ಮಳೇಲಿ ನಿಲ್ಲಿಸ್ತೀರಿ? ನಾನು ಬಸ್ ಓಡಿಸೋನು, ರಜಾ ದಿನಾನೂ ಗಾಡಿ ಓಡಿಸಿ ಓಡಿಸಿ ಸೊಂಟ ಬಿದ್ದೋಯ್ತು. ಏನ್ ಬೇಕು ನಿಮಗೆ?"

ರೆನೀಟಾ ಮೇಜಿನಡಿ ನನ್ನ ಕಾಲು ತುಳಿದಳು. ಅತ್ತೆ ಕೈಯಲ್ಲಿದ್ದ ಕೋಳಿ ತುಂಡನ್ನು ಕಾಗದದ ಮೇಲಿಟ್ಟಳು.

"ಯಾರಾದ್ರೂ ಊಟಕ್ಕೆ ಕರೀಲಿ ಅಂತ ನಿಂತಿದ್ದೆ ಸೆಡ್ರಿಕ್," ಎಂದಳು.

ರೆನೀಟಾ ನನ್ನ ಕಾಲ ಮೇಲಿಂದ ಕಾಲು ತೆಗೆದಳು.

"ನಮ್ಮೂರಲ್ಲಿ ಚರ್ಚಿಗೆ ಹೊಸ ಮುಖ ಬಂದ್ರೆ ಸಾಕು, ಮೆಟ್ಟಿಲ ಮೇಲೆ ಹೆಂಗಸರು ಜಗಳ ಆಡೋರು. ನಾನು ಆಗ್ಲೇ ಕೋಳಿ ಕೊಯ್ದಿದೀನಿ ಅಂತ ಒಬ್ಳು. ನಿನ್ನ ಕೋಳಿ ನಿನ್ನ ಗಂಡನ ಹೊಟ್ಟೆಗೇ ಸಾಲಲ್ಲ, ಇವರು ನಮ್ಮನೆಗೇ ಅಂತ ಇನ್ನೊಬ್ಳು. ಒಂದ್ಸಲ ನಮ್ಮಮ್ಮನ ಕೈಯಿಂದ ಅತಿಥಿ ತಪ್ಪಿಹೋದ್ರು. ಆ ವಾರವೆಲ್ಲ ಅವಳು ನಮ್ಮಪ್ಪನ ಮೇಲೆ ಎಗರಾಡಿದ್ಲು, ನೀನು ಬೇಗ ಬಂದು ಕೈ ಹಿಡ್ಕೋಬೇಕಿತ್ತು ಅಂತ. ಬಂದವರನ್ನ ಉಣ್ಣದೆ ಕಳಿಸೋದು ಅಂದ್ರೆ ಊರಿಗೇ ಅವಮಾನ."

ಸಿಯರಾ ಫೋನು ಕೆಳಗಿಟ್ಟು ಕೇಳುತ್ತಿದ್ದಳು.

"ಶಿಕಾಗೋಗೆ ಬಂದ ಮೊದಲ ಭಾನುವಾರ ನಮ್ಮಮ್ಮ ಒಲೆ ಹಚ್ಚಲಿಲ್ಲ. ಯಾರಾದ್ರೂ ಕರೀತಾರೆ, ಹೊಟ್ಟೆ ತುಂಬಿಸ್ಕೊಂಡು ಹೋದ್ರೆ ಅವರಿಗೆ ಬೇಜಾರಾಗುತ್ತೆ ಅಂತ. ಪ್ರಾರ್ಥನೆ ಮುಗೀತು. ಅಪ್ಪ, ಅಮ್ಮ, ನಾವು ನಾಲ್ಕು ಮಕ್ಕಳು ಚರ್ಚಿನ ಮೆಟ್ಟಿಲ ಮೇಲೆ ನಿಂತೆವು. ಜನ ಹೋದ್ರು. ಒಳಗೆ ದೀಪ ಆರಿಸಿದ್ರು. ನಮ್ಮಮ್ಮ ಇನ್ನೂ ನಗ್ತಾನೇ ನಿಂತಿದ್ಲು ಸೆಡ್ರಿಕ್. ಕೋಣೆಗೆ ವಾಪಸ್ ಬಂದು ಒಣ ಬಿಸ್ಕತ್ತು, ಡಬ್ಬಿ ಮೀನು ತಿಂದ್ವಿ. ಇಲ್ಲಿನವರಿಗೆ ತಿಳಿಯಲ್ಲ, ನಮ್ಮ ಕಡೆ ಆಗಿದ್ರೆ ಹೀಗಾಗ್ತಿರಲಿಲ್ಲ ಅಂದ್ಲು ಅಮ್ಮ. ಸಾಯೋವರೆಗೂ ಅದನ್ನೇ ಅಂದ್ಲು. ನಾನೂ ಅದನ್ನೇ ನಂಬ್ಕೊಂಡು ಬಂದಿದೀನಿ."

"ಅಮ್ಮ, ಈ ಕಾಲದಲ್ಲಿ ಯಾರು ಕರೀತಾರೆ?" ಎಂದೆ. ನನ್ನ ಧ್ವನಿ ಎಷ್ಟೋ ತಗ್ಗಿತ್ತು.

"ಕರೆಯಲ್ಲ ಅಂದ್ರೆ ಯಾಕೆ ಬರ್ಲಿ? ಶಿಕಾಗೋದಲ್ಲೂ ಯಾರೂ ಕರೆಯಲ್ಲ. ಆದ್ರೆ ಅದು ನನಗೆ ಅಭ್ಯಾಸ ಆಗಿದೆ."

ಆ ಮೇಲೆ ಆಕೆ ಎಲ್ಲರ ತಟ್ಟೆಯ ಕಡೆ ನೋಡಿ, "ತಿನ್ನಿ, ಆರಿಹೋಗುತ್ತೆ," ಎಂದಳು. ನಾನು ತಿಂದೆ, ಆದರೆ ರುಚಿ ಗೊತ್ತಾಗಲಿಲ್ಲ.

ಮನೆಗೆ ಬಂದ ಮೇಲೆ ರೆನೀಟಾ ನನಗೆ ಹೇಳಿದಳು, ಇನ್ನು ಒಂದೇ ಊರು, ಅದೂ ಆಗದಿದ್ದರೆ ಈ ಮಾತು ಇಲ್ಲಿಗೆ ಬಿಡಬೇಕು ಎಂದು. ಬರ್ಮಿಂಗ್‌ಹ್ಯಾಮ್ ಎಂದು ನಿರ್ಧಾರವಾಯಿತು. ಅಲಬಾಮಾವೇ ಆದರೂ ಅತ್ತೆಯ ಎರೆಮಣ್ಣಿನ ಸೀಮೆ ಅಲ್ಲಿಂದ ದೂರ. ಅಲ್ಲಿ ಬಸ್ ಡ್ರೈವರ್ ಕೆಲಸ ಇದೆ ಎಂದು ನನಗೆ ತಿಳಿದಿತ್ತು. ನನ್ನ ಜಗುಲಿ, ನನ್ನ ಅಂಜೂರ, ಹಿಮವಿಲ್ಲದ ಫೆಬ್ರುವರಿ ಎಲ್ಲವೂ ಈಗ ಯಾರೋ ಗುರುತಿಲ್ಲದವರ ಒಂದು ಮಾತಿನ ಮೇಲೆ ನಿಂತಿದ್ದವು. ಒಂದು ಮಧ್ಯಾಹ್ನ ಬಸ್ ಡಿಪೋದಲ್ಲಿ ಕೂತು ಆ ಚರ್ಚಿಗೆ ಫೋನ್ ಮಾಡಿದೆ. ಒಬ್ಬ ಹೆಂಗಸು ಎತ್ತಿದಳು. ದಯವಿಟ್ಟು ನಮ್ಮ ಅತ್ತೆಯನ್ನು ಊಟಕ್ಕೆ ಕರೆಯಿರಿ, ಖರ್ಚು ನನ್ನದು ಎಂದು ಹೇಳಬೇಕೆಂದಿದ್ದೆ. ಬಾಯಿಗೆ ಬರಲಿಲ್ಲ. ಭಾನುವಾರದ ಪ್ರಾರ್ಥನೆ ಎಷ್ಟು ಗಂಟೆಗೆ ಎಂದು ಕೇಳಿ ಇಟ್ಟುಬಿಟ್ಟೆ.

ಅಕ್ಟೋಬರಿನ ಭಾನುವಾರ. ಇಟ್ಟಿಗೆಯ ಚರ್ಚು, ದೊಡ್ಡದೂ ಅಲ್ಲ ಸಣ್ಣದೂ ಅಲ್ಲ. ಈ ಸಲ ಅತ್ತೆ ಹೇಳದೆಯೇ ಯಾರೂ ತಿಂಡಿ ತಿನ್ನಲಿಲ್ಲ, ನಿಯಾ ಕೂಡ. ಹೊಸಬರು ಎದ್ದು ನಿಲ್ಲಿ ಎಂದಾಗ ನಾವೂ ಆಕೆಯ ಜೊತೆ ಎದ್ದೆವು. ಮುಗಿದ ಮೇಲೆ ಆಕೆ ಬಾಗಿಲ ಬಳಿ ನಿಂತಳು. ಸಿಯರಾ ಸುಮ್ಮನೆ ಹೋಗಿ ಅಜ್ಜಿಯ ಪಕ್ಕದಲ್ಲಿ ನಿಂತು, ಬಂದವರಿಗೆಲ್ಲ ತಾನೂ ನಗತೊಡಗಿದಳು. ಅದನ್ನು ನೋಡಿ ನನಗೆ ಸಂಕಟವಾಯಿತು.

ಜನ ಬಂದರು, ಕೈ ಕುಲುಕಿದರು, ಹೋದರು. ಗಾಡಿಗಳು ಒಂದೊಂದೇ ಹೊರಟವು. ಕೊನೆಗೆ ನಮ್ಮದು ಬಿಟ್ಟರೆ ಒಂದು ಹಸಿರು ಗಾಡಿ. ಅದೂ ಹೊರಟಿತು, ಗೇಟಿನ ಹತ್ತಿರ ಹೋಗಿ ನಿಂತಿತು. ಅದರಿಂದ ಒಬ್ಬ ಹೆಂಗಸು ಇಳಿದು, ಎತ್ತರದ ಹಿಮ್ಮಡಿಯ ಚಪ್ಪಲಿಯಲ್ಲೇ ಅವಸರವಾಗಿ ನಮ್ಮ ಕಡೆ ನಡೆದು ಬಂದಳು. ಅರವತ್ತರ ಆಸುಪಾಸು ಇರಬೇಕು. ಏದುಸಿರು ಬಿಡುತ್ತಿದ್ದಳು.

"ತಪ್ಪು ತಿಳೀಬೇಡಿ," ಎಂದಳು. "ನಿಮಗೆ ಎಲ್ಲೋ ಊಟ ಏರ್ಪಾಟಾಗಿರುತ್ತೆ. ಆದ್ರೂ ಕೇಳ್ತೀನಿ. ನಮ್ಮನೆಗೆ ಊಟಕ್ಕೆ ಬರ್ತೀರಾ? ಜಾಸ್ತಿ ಏನಿಲ್ಲ, ಮಾಮೂಲಿ ಭಾನುವಾರದ ಅಡುಗೆ."

ಅತ್ತೆ ನೆಟ್ಟಗೆ ನಿಂತು, "ಸಂತೋಷವಾಗಿ ಬರ್ತೀವಿ ಕಣಮ್ಮ," ಎಂದಳು.

ಹಸಿರು ಗಾಡಿಯ ಹಿಂದೆ ಹೋಗುವಾಗ ರೆನೀಟಾ ನನ್ನ ತೊಡೆ ಹಿಂಡಿ ಪಿಸುಗುಟ್ಟಿದಳು. "ನೀನೇ ಫೋನ್ ಮಾಡಿ ಹೇಳಿದ್ದಾ?"

"ದೇವರಾಣೆ ಇಲ್ಲ."

"ಸುಳ್ಳಾದ್ರೆ ಕೊಂದುಬಿಡ್ತೀನಿ."

ಹಿಂದಿನ ಸೀಟಿನಲ್ಲಿ ಅತ್ತೆ ಚಿಕ್ಕ ಹುಡುಗಿಯ ಹಾಗೆ ಕಿಟಕಿಗೆ ಮುಖ ಕೊಟ್ಟು ಕೂತಿದ್ದಳು. ಏನನ್ನೋ ಮೆಲ್ಲಗೆ ಗುನುಗುತ್ತಿದ್ದಳು. ಮದುವೆಯಾದಾಗಿನಿಂದ ನಾನು ಆಕೆಯನ್ನು ಹಾಗೆ ಕಂಡಿರಲಿಲ್ಲ.

ಆ ಹೆಂಗಸಿನ ಹೆಸರು ಡಾರ್ಲೀನ್. ಗಂಡ ಹೊರೇಸ್, ಆನೆಯಂಥ ಆಳು, ಕಾರಿನ ಕಾರ್ಖಾನೆಯಲ್ಲಿ ದುಡಿದು ನಿವೃತ್ತನಾದವನು. ಹೊಸ ಬಡಾವಣೆಯಲ್ಲಿ ಮನೆ. ಒಳಗೆ ಹೋದರೆ ಊಟದ ಮೇಜಿನ ಮೇಲೆ ಆಗಲೇ ತಟ್ಟೆಗಳು ಸಿದ್ಧವಾಗಿದ್ದವು. ಇಬ್ಬರ ಮನೆಯಲ್ಲಿ ಆರು ತಟ್ಟೆ. ಡಾರ್ಲೀನ್ ಇನ್ನೊಂದು ತಂದು ಜೋಡಿಸಿದಳು. ಬೇಯಿಸಿದ ಮಾಂಸ, ಸೊಪ್ಪು, ಚೀಸು ಸುರಿದ ಮ್ಯಾಕರೋನಿ, ಸಿಹಿಗೆಣಸು, ಜೋಳದ ರೊಟ್ಟಿ, ಪೀಚ್ ಹಣ್ಣಿನ ಸಿಹಿ. ಅತ್ತೆ ಗ್ಲೌಸು ತೆಗೆದು ಮಡಚಿ ಚೀಲದಲ್ಲಿಟ್ಟುಕೊಂಡು ಕೂತಳು. ಬಡಿಸಿದ್ದನ್ನೆಲ್ಲ ತಿಂದಳು. ಕೇಳಿ ಹಾಕಿಸಿಕೊಂಡಳು. ತನ್ನ ಅಮ್ಮ ಅತಿಥಿಗಾಗಿ ಜಗಳವಾಡಿದ ಕಥೆಯನ್ನು ಕೈ ಬಾಯಿ ತಿರುಗಿಸಿ ಹೇಳಿದಾಗ ಹೊರೇಸ್ ಮೇಜು ಗುದ್ದಿ ನಕ್ಕ.

"ಈ ಕಡೆಯವರ ಕೈರುಚಿ ಎಲ್ಲಿದ್ರೂ ಗೊತ್ತಾಗುತ್ತೆ," ಎಂದಳು ಅತ್ತೆ, ರೊಟ್ಟಿ ಮುರಿಯುತ್ತ. "ಡಾರ್ಲೀನ್, ನಿಮ್ಮ ಜನ ಯಾವ ಸೀಮೆಯವರಮ್ಮ? ನಮ್ಮ ಪೈಕಿ ಯಾರಾದ್ರೂ ಗೊತ್ತಿರಬಹುದು."

ಡಾರ್ಲೀನ್ ಗಂಡನ ಮುಖ ನೋಡಿದಳು. ಹೊರೇಸ್ ನಕ್ಕ. "ನಾವು ಈ ಕಡೆಯವರಲ್ಲಮ್ಮ. ಇಬ್ರೂ ಡೆಟ್ರಾಯಿಟ್. ರಿಟೈರ್ ಆದ್ಮೇಲೆ ಬಂದ್ವಿ, ಮೂರು ವರ್ಷ ಆಯ್ತು. ಚಳಿ ಸಾಕಾಗಿತ್ತು."

ಅತ್ತೆಯ ಕೈಯಲ್ಲಿ ರೊಟ್ಟಿ ಹಾಗೇ ಉಳಿಯಿತು.

"ನಮ್ಮಜ್ಜಿ ಜಾರ್ಜಿಯಾದವಳು," ಎಂದಳು ಡಾರ್ಲೀನ್, ಏನೋ ತಪ್ಪು ಮಾಡಿದವಳ ಹಾಗೆ. "ಅವಳೂ ನಿಮ್ಮ ಹಾಗೇ ಹೇಳ್ತಿದ್ಲು. ಭಾನುವಾರ ಅಲ್ಲಿ ಯಾರನ್ನೂ ಉಣ್ಣದೆ ಕಳಿಸಲ್ಲ ಅಂತ. ಅದಕ್ಕೇ ಬಂದ ಮೊದಲ ಭಾನುವಾರ ನಾನು ಅಡುಗೆನೇ ಮಾಡಿರಲಿಲ್ಲ. ಚರ್ಚಿನ ಹೊರಗೆ ನಾವಿಬ್ರೂ ನಿಂತಿದ್ವಿ."

"ಆಮೇಲೆ?" ಎಂದಳು ನಿಯಾ.

"ಆಮೇಲೆ ಹ್ಯಾಂಬರ್ಗರ್ ತಿಂದ್ವಿ ಕಂದ." ನಗಲು ನೋಡಿದಳು, ಆಗಲಿಲ್ಲ. "ಕೆಟ್ಟ ಜನ ಅಲ್ಲ. ಹುಷಾರಿಲ್ಲ ಅಂದ್ರೆ ಓಡಿ ಬರ್ತಾರೆ. ಆದ್ರೆ ಭಾನುವಾರ ಅವರವರ ಮಕ್ಕಳು, ಅವರವರ ಮನೆ. ಮೂರು ವರ್ಷದಲ್ಲಿ ಒಬ್ರೂ ಬನ್ನಿ ಅನ್ಲಿಲ್ಲ. ಅದಕ್ಕೆ ನಾನೇ ಶುರು ಮಾಡ್ದೆ. ಪ್ರತಿ ಭಾನುವಾರ ನಾಲ್ಕು ತಟ್ಟೆ ಜಾಸ್ತಿ ಇಟ್ಟು ಹೋಗ್ತೀನಿ. ಹೊಸಬರನ್ನ ಕರೀತೀನಿ. ಎಲ್ರಿಗೂ ಬೇರೆ ಕಡೆ ಹೋಗೋದಿರುತ್ತೆ. ನೀವು ಬಂದಿರೋದೇ ಮೊದಲು."

ಹೊರೇಸ್ ಹೆಂಡತಿಯ ಕೈ ಮೇಲೆ ಕೈ ಇಟ್ಟ. ನಾನು ಸೊಪ್ಪಿನ ತಟ್ಟೆಯನ್ನೇ ನೋಡುತ್ತ ಕೂತೆ. ಮುಗಿಯಿತು, ಎಲ್ಲ ಮುಗಿಯಿತು ಎಂದುಕೊಂಡೆ.

ಅತ್ತೆ ಮರ್ಯಾದೆಯಿಂದಲೇ ಊಟ ಮುಗಿಸಿದಳು, ಸಿಹಿಯನ್ನೂ ತಿಂದಳು. ಡಾರ್ಲೀನಳನ್ನು ತಬ್ಬಿ ಹೊರಟಳು. ಗಾಡಿಯಲ್ಲಿ ಈ ಸಲ ನನ್ನ ಪಕ್ಕ ಕೂತಳು. ಬಡಾವಣೆ ದಾಟಿದೆವು, ಪೆಟ್ರೋಲ್ ಬಂಕ್ ದಾಟಿದೆವು. ಈ ಊರಾದರೂ ಸರಿಯೇ ಎಂದು ಕೇಳುವ ಧೈರ್ಯ ಇರಲಿಲ್ಲ.

"ಯಾರೂ ಇಲ್ಲ ಸೆಡ್ರಿಕ್," ಎಂದಳು.

"ಅಮ್ಮ?"

"ನಮ್ಮ ಕಡೆ ಯಾರೋ ಇನ್ನೂ ಬಾಗಿಲಲ್ಲಿ ನಿಂತಿದಾರೆ ಅನ್ಕೊಂಡಿದ್ದೆ. ನಾವು ಬಂದ್ಬಿಟ್ವಿ, ಆದ್ರೆ ಉಳಿದವರು ಇದಾರಲ್ಲ, ನಾನು ಹೋದ್ರೆ ಬಾ ಅಂತಾರೆ ಅಂತ. ಅವರೆಲ್ಲ ಯಾವಾಗ್ಲೋ ಹೋಗ್ಬಿಟ್ರು. ನಮ್ಮಮ್ಮನ ಹಾಗೆ ನಾನೂ ಖಾಲಿ ಮೆಟ್ಟಿಲ ಮೇಲೆ ನಗ್ತಾ ನಿಂತಿದ್ದೆ."

ಆಕೆ ಅತ್ತಳು. ಮಾವ ತೀರಿಕೊಂಡಾಗಲೂ ಎಲ್ಲರೆದುರು ಅತ್ತವಳಲ್ಲ. ಕರವಸ್ತ್ರ ಹುಡುಕಲಿಲ್ಲ, ಮುಖ ಮುಚ್ಚಿಕೊಳ್ಳಲಿಲ್ಲ. ಹಿಂದಿನಿಂದ ರೆನೀಟಾ ಕೈ ಚಾಚಿ ಅಮ್ಮನ ಭುಜ ಹಿಡಿದಳು. ನಾನು ರಸ್ತೆ ಬದಿಗೆ ಗಾಡಿ ನಿಲ್ಲಿಸಿದೆ. ನನ್ನ ಜಗುಲಿಗಾಗಿ ಈ ಮುದುಕಿಯನ್ನು ಊರೂರು ತಿರುಗಿಸಿ ಆಕೆಯ ಒಂದೇ ಒಂದು ನಂಬಿಕೆಯನ್ನು ಕಿತ್ತುಕೊಂಡೆನಲ್ಲ ಎನಿಸಿತು.

"ಆಯ್ತು ಅಮ್ಮ," ಎಂದೆ. "ಮನೆಗೆ ಹೋಗೋಣ. ಶಿಕಾಗೋನೇ ಸಾಕು. ಇನ್ನು ಈ ಮಾತು ಎತ್ತಲ್ಲ."

ಆಕೆ ಮುಂಗೈಯಿಂದ ಕಣ್ಣೊರೆಸಿಕೊಂಡಳು.

"ಆ ಹುಡುಗಿ ಮುಂದಿನ ವಾರಾನೂ ತಟ್ಟೆ ಇಡ್ತಾಳೆ ಅಲ್ವಾ?" ಎಂದಳು. ಅರವತ್ತರ ಡಾರ್ಲೀನ್ ಆಕೆಗೆ ಹುಡುಗಿ.

"ಇಡ್ತಾಳೆ ಅನ್ಸುತ್ತೆ."

"ಗಾಡಿ ತಿರುಗಿಸು."

"ಏನಾದ್ರೂ ಬಿಟ್ಟು ಬಂದ್ರಾ?"

"ತಿರುಗಿಸು ಅಂದ್ನಲ್ಲ ಡ್ರೈವರ್ ಸಾಹೇಬ್ರೇ."

ಬಾಗಿಲು ತೆರೆದಾಗ ಡಾರ್ಲೀನಳ ಹೆಗಲ ಮೇಲೆ ಪಾತ್ರೆ ಒರೆಸುವ ಬಟ್ಟೆ ಇತ್ತು. ಒಳಗೆ ಟೀವಿಯಲ್ಲಿ ಫುಟ್‌ಬಾಲ್ ಓಡುತ್ತಿತ್ತು. ನಮ್ಮೆಲ್ಲರನ್ನೂ ಮತ್ತೆ ಕಂಡು ಅವಳಿಗೆ ಗಾಬರಿ. "ಏನಾದ್ರೂ ಮರೆತು ಹೋದ್ರಾ ಅಮ್ಮ?"

"ಹೂಂ. ನಿಮ್ಮನ್ನ ಕರೆಯೋದು ಮರೆತೆ," ಎಂದಳು ಅತ್ತೆ. ಟೋಪಿ ಸೊಟ್ಟಗಾಗಿತ್ತು, ಸರಿ ಮಾಡಿಕೊಳ್ಳಲಿಲ್ಲ. "ಚಳಿಗಾಲ ಕಳೀತಿದ್ದ ಹಾಗೆ ನಾವು ಈ ಊರಿಗೆ ಬರ್ತೀವಿ. ಬಂದ ಮೊದಲ ಭಾನುವಾರ ನಮ್ಮನೇಲಿ ಊಟ. ನೀನೂ ನಿನ್ನ ಗಂಡನೂ ಬರ್ಬೇಕು. ಬೇರೆ ಕಡೆ ಹೋಗೋದಿದೆ ಅಂತ ಹೇಳ್ಕೂಡದು."

ಡಾರ್ಲೀನ್ ನನ್ನ ಕಡೆ ನೋಡಿದಳು, ರೆನೀಟಾಳ ಕಡೆ ನೋಡಿದಳು. "ಮನೆ ಎಲ್ಲಿ ಅಮ್ಮ?"

"ಇನ್ನೂ ನೋಡಿಲ್ಲ. ಇವನು ಹುಡುಕ್ತಾನೆ. ನೀನು ಮೊದಲು ಹೂಂ ಅನ್ನು."

ಎಷ್ಟು ತಿಂಗಳಿಂದ ನಾನು ಆಕೆಯ ಬಾಯಿಂದ ಬರ್ತೀವಿ ಎಂಬ ಒಂದು ಮಾತಿಗಾಗಿ ಕಾದಿದ್ದೆನೋ ಅದು ಹೀಗೆ, ನನಗಲ್ಲದೆ ಇನ್ಯಾರಿಗೋ ಹೇಳಿದ ಮಾತಾಗಿ ಬಂತು. ಕುಣಿದಾಡಬೇಕಿತ್ತು ನಾನು. ಸುಮ್ಮನೆ ನಿಯಾಳ ತಲೆಯ ಮೇಲೆ ಕೈ ಇಟ್ಟುಕೊಂಡು ನಿಂತಿದ್ದೆ.

ಡಾರ್ಲೀನ್ ಹೆಗಲಿನ ಬಟ್ಟೆ ಎಳೆದು ಮುಖಕ್ಕೆ ಒತ್ತಿಕೊಂಡಳು. ಒಳಗಿನಿಂದ ಹೊರೇಸ್ ಕೂಗಿದ. "ಯಾರೇ ಅದು?"

"ಅವರೇ," ಎಂದಳು ಡಾರ್ಲೀನ್, ಬಟ್ಟೆಯೊಳಗಿಂದಲೇ. "ನಮ್ಮನ್ನ ಊಟಕ್ಕೆ ಕರೆಯೋಕೆ ಬಂದಿದಾರೆ, ಹೊರೇಸ್."

ಟೀವಿ ಹಾಗೇ ಓಡುತ್ತಿತ್ತು. ಹೊರೇಸ್ ಬರಿಗಾಲಿನಲ್ಲೇ ಎದ್ದು ಬಂದ.